‘ಸಂಪರ್ಕಕ’, ‘ನೈಜ ಸಮಯ’: ಇವೆರಡಕ್ಕೆ ಬೇರೆ ಮಾತು ಸಿಗಬಹುದಾ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳೋಣ ಅಂತ ಕೂತೆ. ಬರೆಯುತ್ತಾ ಹೋದಂತೆ ಅದು ಎರಡಾಯಿತು, ನಡುವೆ ಮೂರನೆಯದೂ ನುಗ್ಗಿತು. ಸ್ವಲ್ಪ ಸಹಿಸಿಕೊಳ್ಳಿ.

ನಾನು ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತೇನೆ. ಓದುವವರು ಅಡಿಕೆ ಮಂಡಿಯ ಗುಮಾಸ್ತರು, ಹಾರ್ಡ್‌ವೇರ್ ಅಂಗಡಿಯವರು, ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಲೆಕ್ಕ ನೋಡಿಕೊಳ್ಳುವವರು. ಈ ಸಲದ ಅಧ್ಯಾಯ ಎಪಿಐ ಕನೆಕ್ಟರ್ ಬಗ್ಗೆ. ಒಬ್ಬ ವ್ಯಾಪಾರಿಯ ಸಾಫ್ಟ್‌ವೇರ್ ಇನ್ನೊಬ್ಬರ ಸಾಫ್ಟ್‌ವೇರ್ ಜೊತೆಗೋ ಸರ್ಕಾರದ ಪೋರ್ಟಲ್ ಜೊತೆಗೋ ತಾನೇ ಮಾತಾಡಿಕೊಳ್ಳುವ ಏರ್ಪಾಡು ಅದು. ಹಾಗೆ ಮಾತಾಡಲು ಒಂದು ಸಾಫ್ಟ್‌ವೇರ್ ಹೊರಗಿನವರಿಗೆ ತೆರೆದಿಡುವ ಬಾಗಿಲೇ ಎಪಿಐ. ಮೊದಲ ಕರಡಿನಲ್ಲಿ ಹೀಗೆ ಬರೆದಿದ್ದೆ: ‘ಸಂಪರ್ಕಕದ ಮೂಲಕ ನೈಜ ಸಮಯದ ದತ್ತಾಂಶ ವಿನಿಮಯ ಸಾಧ್ಯ.’ ಸಂಪರ್ಕಕ ಅಂದರೆ ಕನೆಕ್ಟರ್, ನೈಜ ಸಮಯ ಅಂದರೆ ಇಂಗ್ಲಿಷಿನ ‘ರಿಯಲ್ ಟೈಮ್’.

ಓದಿ ನೋಡಲಿ ಅಂತ ನಾಲ್ಕು ಅಂಗಡಿಗೆ ಕಳಿಸಿದೆವು. ಮಾರನೇ ದಿನವೇ ಶಿವಮೊಗ್ಗ ಕಡೆಯ ಗುಮಾಸ್ತರೊಬ್ಬರ ಫೋನು. ‘ಮೇಡಂ, ನೈಜ ಸಮಯ ಅಂತ ಹಾಕಿದ್ದೀರಲ್ಲ, ಹಂಗಾದ್ರೆ ಇಷ್ಟು ದಿನ ನಮ್ಮ ಗೋಡೆ ಗಡಿಯಾರ ತೋರಿಸ್ತಿದ್ದಿದ್ದು ಸುಳ್ಳಾ?’ ನಕ್ಕು ಫೋನಿಟ್ಟೆ. ಆಮೇಲೆ ಅಷ್ಟಾಗಿ ನಗು ಬರಲಿಲ್ಲ. ಅವರು ಕೇಳಿದ್ದು ಸರಿಯಾಗೇ ಇದೆ.

ಈ ಕೆಲಸದ ಪರಿಚಯ ಇಲ್ಲದವರೂ ಇಲ್ಲಿದ್ದೀರಿ, ಅದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಜಿಎಸ್‌ಟಿಯ ಇ-ಇನ್‌ವಾಯ್ಸ್ ತಗೊಳ್ಳಿ. 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿಗೂ ಜಾಸ್ತಿ ವಹಿವಾಟಿನ ಕಂಪನಿಗಳಿಗೆ ಶುರುವಾಗಿದ್ದು ಇಳಿಯುತ್ತಾ ಇಳಿಯುತ್ತಾ 2023ರ ಆಗಸ್ಟ್‌ಗೆ 5 ಕೋಟಿ ದಾಟಿದವರ ತನಕ ಬಂತು. ಇನ್ನೊಬ್ಬ ವ್ಯಾಪಾರಿಗೆ ಬಿಲ್ ಮಾಡಿದರೆ ಅದರ ವಿವರ ಪೋರ್ಟಲ್‌ಗೆ ಹೋಗಬೇಕು. ಅಲ್ಲಿಂದ 64 ಅಕ್ಷರ, ಅಂಕಿಗಳ ಒಂದು ನಂಬರು ಮತ್ತು ಕ್ಯೂಆರ್ ಕೋಡ್ ವಾಪಸ್ ಬರಬೇಕು. ಅದು ಬಿಲ್ಲಿನ ಮೇಲೆ ಕೂತ ಮೇಲೇ ಸರಕು ಹೊರಡುವುದು. ದಿನಕ್ಕೆ 2 ಬಿಲ್ ಆದರೆ ಪೋರ್ಟಲ್ ತೆರೆದು ಕೈಯಲ್ಲೇ ತುಂಬಬಹುದು. 80 ಬಿಲ್ ಆದರೆ? ಆಗ ಕನೆಕ್ಟರ್ ಬೇಕು.

ಅದು ಮಾಡುವ ಕೆಲಸವನ್ನು ಹತ್ತಿರದಿಂದ ನೋಡಿದರೆ ಮಜಾ ಇದೆ. ಮಂಡಿಯವರು ಬಿಲ್ಲಿನಲ್ಲಿ ‘ಕ್ವಿಂಟಾಲ್’ ಅಂತ ಬರೆದಿರುತ್ತಾರೆ. ಪೋರ್ಟಲ್‌ಗೆ ಅದು ‘ಕ್ಯೂಟಿಎಲ್’ ಆಗಿ ಹೋಗಬೇಕು. ಕೆಜಿ ಅಂದರೆ ಒಪ್ಪುವುದಿಲ್ಲ, ‘ಕೆಜಿಎಸ್’ ಅನ್ನಬೇಕು. ಕರ್ನಾಟಕ ಅನ್ನುವ ಹಾಗಿಲ್ಲ, 29 ಅನ್ನಬೇಕು. ನಮ್ಮ ಸಾಫ್ಟ್‌ವೇರ್ ಒಳಗೆ ತಾರೀಖು ವರ್ಷ, ತಿಂಗಳು, ದಿನ ಅಂತ ಕೂತಿರುತ್ತದೆ. ಅಲ್ಲಿಗೆ ಅದನ್ನೇ ತಲೆಕೆಳಗು ಮಾಡಿ, ನಡುವೆ ಓರೆಗೆರೆ ಹಾಕಿ ಕೊಡಬೇಕು. ಇಷ್ಟನ್ನೂ ತಿರುಗಿಸಿ, ಕೊಟ್ಟು, ಉತ್ತರ ಈಸಿಕೊಂಡು ಬಂದು ಬಿಲ್ಲಿನಲ್ಲಿ ಅದರ ಜಾಗಕ್ಕೆ ಕೂರಿಸುವುದು ಕನೆಕ್ಟರ್. ಒಂದು ಕಡೆ ಎಡವಿದರೂ ಪೋರ್ಟಲ್ ಬಿಲ್ಲನ್ನು ಹಿಂದಕ್ಕೆ ತಳ್ಳುತ್ತದೆ. ಲಾರಿ ಗೇಟಿನಲ್ಲೇ ನಿಂತಿರುತ್ತದೆ, ಡ್ರೈವರ್ ಎರಡನೇ ಟೀಗೆ ಹೋಗಿರುತ್ತಾನೆ.

ಇದಕ್ಕೆ ‘ಸಂಪರ್ಕಕ’ ಅಂತ ಹೆಸರಿಟ್ಟರೆ ಏನೂ ಹೇಳಿದಂತಾಗಲಿಲ್ಲ. ಬಾಯಲ್ಲಿ ಹೇಳಲೂ ಕಷ್ಟ, ಕೊನೆಗೆ ಎರಡು ‘ಕ’ ಡಿಕ್ಕಿ ಹೊಡೆಯುತ್ತವೆ. ‘ಕೊಂಡಿ’ ನನಗೆ ಇಷ್ಟವೇ. ಆದರೆ ಅದನ್ನು ಆಗಲೇ ವೆಬ್ ಲಿಂಕಿಗೆ ಕೊಟ್ಟುಬಿಟ್ಟಿದ್ದೇವೆ. ನಮ್ಮ ಆಫೀಸಿನ ಹುಡುಗನೊಬ್ಬ ಕೊಂಡಿ ಅಂದ ತಕ್ಷಣ ‘ಚೇಳಿನದ್ದಾ?’ ಅಂದ. ‘ಬೆಸುಗೆ’ ಅಂದರೆ ಒಮ್ಮೆ ಹಾಕಿದರೆ ಬಿಡಿಸಲಾಗದ್ದು. ಕನೆಕ್ಟರನ್ನು ಇವತ್ತು ಹಾಕಿ ನಾಳೆ ತೆಗೆಯಬಹುದು. ಪದ ಚೆನ್ನಾಗಿದೆ, ಗುಣ ಹೊಂದುವುದಿಲ್ಲ.

ನನ್ನ ಮನಸ್ಸು ಓಡಿದ್ದು ‘ದುಭಾಷಿ’ ಕಡೆಗೆ. ಕಂಪನಿ ಕಾಲದ ಮದ್ರಾಸಿನಲ್ಲಿ ಈ ಹೆಸರಿನ ಜನವೇ ಇದ್ದರು. ಬಿಳಿಯ ವ್ಯಾಪಾರಿಗೂ ಇಲ್ಲಿನ ವ್ಯಾಪಾರಿಗೂ ನಡುವೆ ಮಾತು ತಿರುಗಿಸುವುದು, ದರ ಕುದುರಿಸುವುದು, ಸರಕು ಹೊಂದಿಸುವುದು ಅವರ ಕೆಲಸ. ದ್ವಿಭಾಷಿ ಅನ್ನುವುದೇ ಬಾಯಿಂದ ಬಾಯಿಗೆ ಸವೆದು ಹೀಗಾಗಿದೆ. ಎರಡು ವ್ಯಾಪಾರಗಳ ನಡುವೆ ನಿಂತು, ಇವರ ಕ್ವಿಂಟಾಲನ್ನು ಅವರ ಕ್ಯೂಟಿಎಲ್ ಮಾಡುವವನಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ? ದುಭಾಷಿ ನಡುವೆ ತನ್ನ ಪಾಲು ಇಟ್ಟುಕೊಳ್ಳುತ್ತಿದ್ದ ಅಂತ ಯಾರಾದರೂ ಅನ್ನಬಹುದು. ಕನೆಕ್ಟರ್ ಮಾರುವವರಲ್ಲೂ ಬಿಲ್ಲಿಗಿಷ್ಟು ಅಂತ ಕೇಳುವವರಿದ್ದಾರೆ ಬಿಡಿ. ಆದರೆ ‘ದುಭಾಷಿಯನ್ನು ಇನ್‌ಸ್ಟಾಲ್ ಮಾಡಿ’ ಅಂತ ಬರೆದು ಓದಿದಾಗ ಯಾಕೋ ಕೈ ಹಿಂದೆ ಬಂತು.

ಎಪಿಐಗೂ ಒಂದು ಮಾತು ಹೇಳಿಬಿಡುತ್ತೇನೆ. ಅದರ ಕೊನೆಯ ‘ಐ’, ಅಂದರೆ ಇಂಟರ್‌ಫೇಸ್, ಒಂದು ಕಡತದಲ್ಲಿ ‘ಅಂತರ್ಮುಖ’ ಆಗಿತ್ತು. ಅಂತರ್ಮುಖಿ ಸಾಫ್ಟ್‌ವೇರ್! ಯಾರ ಜೊತೆಗೂ ಮಾತಾಡದೆ ಮೂಲೆಯಲ್ಲಿ ಕೂತಿರುತ್ತೇನೋ. ಎಪಿಐ ಇರುವುದೇ ಮಾತಾಡಲು. ನಮ್ಮೂರು ತುಮಕೂರು ಕಡೆಯದು, ಹಾಗಾಗಿ ನನಗೆ ನೆನಪಾಗುವುದು ಕೆರೆಯ ತೂಬು. ಕೆರೆಯ ತುಂಬ ನೀರಿದ್ದರೂ ಯಾರೂ ಏರಿ ಒಡೆದು ತಗೊಳ್ಳುವ ಹಾಗಿಲ್ಲ. ತೂಬು ಇರುವ ಕಡೆಯಿಂದಲೇ, ನೀರಗಂಟಿ ಎತ್ತಿದಷ್ಟೇ. ಎಪಿಐ ಕೂಡ ಹಾಗೇ. ಯಾರಿಗೆ, ಎಷ್ಟು, ನಿಮಿಷಕ್ಕೆ ಎಷ್ಟು ಸಲ ಅಂತ ಕೊಡುವವರು ಮೊದಲೇ ಗೊತ್ತು ಮಾಡಿರುತ್ತಾರೆ. ಪದವಾಗಿ ಎಪಿಐ ಹಾಗೇ ಇರಲಿ, ವಿವರಿಸುವಾಗ ತೂಬು ಅಂದರೆ ನಮ್ಮ ಕಡೆಯವರಿಗೆ ಪಕ್ಕನೆ ಹೊಳೆಯುತ್ತದೆ. ಕೆರೆ ಕಾಣದ ಊರಿನವರಿಗೆ ಹೇಗೋ.

ಈಗ ಆ ಗುಮಾಸ್ತರ ಗಡಿಯಾರಕ್ಕೆ ಬರೋಣ. ‘ನೈಜ ಸಮಯ’ ಬೇಡ ಅನ್ನುವುದು ಸುಲಭ, ಅದರ ಜಾಗಕ್ಕೆ ಏನು? ‘ತಕ್ಷಣ’, ‘ಕೂಡಲೇ’, ‘ಆಗಿಂದಾಗಲೇ’, ‘ನಿಂತ ಕಾಲಲ್ಲೇ’ ಎಲ್ಲ ಇವೆ. ಹಾಕಿ ನೋಡುವಾಗ ಒಂದು ಸಂಗತಿ ಗಮನಕ್ಕೆ ಬಂತು. ಇಂಗ್ಲಿಷಿನ ಒಂದೇ ಮಾತಿನ ಅಡಿಯಲ್ಲಿ ಎರಡು ಬೇರೆ ಕೆಲಸಗಳಿವೆ. ನಾವು ಬಿಲ್ ಕಳಿಸಿ ನಂಬರು ಕೇಳಿದರೆ ಪೋರ್ಟಲ್ ಕೊಡುತ್ತದೆ. ಅದು ಕೇಳಿದ ಕೂಡಲೇ ಹೇಳುವುದು. ಅಂಗಡಿಯಲ್ಲಿ ಯುಪಿಐ ದುಡ್ಡು ಬಂದಾಗ ಗಲ್ಲಾದ ಪಕ್ಕದ ಪೆಟ್ಟಿಗೆ ಕೂಗುತ್ತದಲ್ಲ, ಅದಕ್ಕೆ ‘ಹೇಳು’ ಅಂತ ಯಾರೂ ಕೇಳಿರುವುದಿಲ್ಲ. ಅದು ಆದ ಕೂಡಲೇ ಹೇಳುವುದು. ಸಾಫ್ಟ್‌ವೇರ್‌ಗಳ ನಡುವೆ ನಡೆಯುವ ಈ ಎರಡನೇ ಬಗೆಗೆ ತಾಂತ್ರಿಕರು ‘ವೆಬ್‌ಹುಕ್’ ಅನ್ನುತ್ತಾರೆ, ‘ಜಾಲಕೊಕ್ಕೆ’ ಅಂತ ಅದನ್ನು ಕನ್ನಡಿಸುವ ಧೈರ್ಯ ನನಗಿಲ್ಲ. ಆದರೆ ‘ಕೇಳಿದ ಕೂಡಲೇ’, ‘ಆದ ಕೂಡಲೇ’ ಅಂತ ಬಿಡಿಸಿಟ್ಟರೆ ಇಂಗ್ಲಿಷ್ ಕೈಪಿಡಿಗಿಂತ ನಮ್ಮದೇ ಸ್ಪಷ್ಟವಾಗುತ್ತದೆ. ಹೆಂಡತಿ ಗಂಡನಿಗೆ ‘ತಲುಪಿದ ತಕ್ಷಣ ಫೋನ್ ಮಾಡಿ’ ಅನ್ನುವುದಕ್ಕೂ ತಾನೇ ಗಂಟೆಗೊಮ್ಮೆ ಮಾಡಿ ‘ಎಲ್ಲಿದ್ದೀರಿ’ ಅಂತ ಕೇಳುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ.

‘ವಿನಿಮಯ’ದ ಬಗ್ಗೆಯೂ ಅನುಮಾನ ಇದೆ. ರಾಗಿ ಕೊಟ್ಟು ಉಪ್ಪು ತಂದರೆ ವಿನಿಮಯ, ರಾಗಿ ಮನೆಯಲ್ಲಿ ಉಳಿಯುವುದಿಲ್ಲ. ಬಿಲ್ಲಿನ ವಿವರ ಕೊಟ್ಟರೆ ನಮ್ಮಲ್ಲೂ ಇರುತ್ತದೆ, ಅವರಲ್ಲೂ ಇರುತ್ತದೆ. ‘ವಿಚಾರ ವಿನಿಮಯ’ ಅನ್ನುತ್ತೇವಲ್ಲ ಅಂದರೆ ಸುಮ್ನಾಗುತ್ತೇನೆ. ಜಾಸ್ತಿ ಎಳೆಯುವುದಿಲ್ಲ.

ಹಾಗಾಗಿ ಎರಡನೇ ಕರಡಿನಲ್ಲಿ ಹೆಸರಿನ ಹುಡುಕಾಟ ಬಿಟ್ಟು ಕ್ರಿಯಾಪದಗಳ ಬೆನ್ನು ಹತ್ತಿದೆ. ‘ನೀವು ಬಿಲ್ ಉಳಿಸಿದ ಕೂಡಲೇ ಕನೆಕ್ಟರ್ ಅದನ್ನು ಪೋರ್ಟಲ್‌ಗೆ ತಿಳಿಯುವ ಹಾಗೆ ಬದಲಿಸಿ ಕಳಿಸುತ್ತದೆ, ನಂಬರು ತಂದು ಬಿಲ್ಲಿನಲ್ಲಿ ಹಾಕುತ್ತದೆ.’ ಉದ್ದ ಆಯಿತು, ನಿಜ. ಅದೇ ಗುಮಾಸ್ತರಿಗೆ ಫೋನಿನಲ್ಲಿ ಓದಿ ಹೇಳಿದೆ. ‘ಹಾಂ, ಹಂಗೆ ಹೇಳಿ ಮತ್ತೆ’ ಅಂದರು. ಆದರೆ ಅಧ್ಯಾಯದ ತಲೆಬರಹಕ್ಕೆ, ಪರದೆಯ ಮೇಲಿನ ಸಣ್ಣ ಬಟನ್ನಿಗೆ ಇಡೀ ವಾಕ್ಯ ಹಿಡಿಸುವುದಿಲ್ಲ.

ಅದಕ್ಕೆ ನಿಮ್ಮನ್ನು ಕೇಳುತ್ತಿದ್ದೇನೆ. ನಿಮ್ಮ ಕಡೆಯ ವ್ಯಾಪಾರದ ಮಾತಿನಲ್ಲಿ, ಒಂದು ಅಂಗಡಿಯ ಲೆಕ್ಕವನ್ನು ಇನ್ನೊಂದು ಅಂಗಡಿಗೆ ಮುಟ್ಟಿಸಿ ಉತ್ತರ ತರುವವನಿಗೆ ಬೇರೆ ಹೆಸರೇನಾದರೂ ಇದೆಯಾ? ಮಂಗಳೂರು, ಹುಬ್ಬಳ್ಳಿ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ, ನನ್ನ ಕಿವಿ ಹಳೇ ಮೈಸೂರು ಸೀಮೆ ದಾಟಿಲ್ಲ. ಇನ್ನೊಂದು, ಬಟನ್ ಮೇಲೆ ‘ಕೂಡಲೇ ಕಳಿಸು’ ಅಂತ ಹಾಕಿದರೆ ನೀವು ‘ಈಗಲೇ ಒಂದು ಸಲ ಕಳಿಸು’ ಅಂತ ಓದುತ್ತೀರಾ, ‘ಇನ್ನು ಮುಂದೆ ಆದ ಹಾಗೆಲ್ಲ ಕಳಿಸುತ್ತಿರು’ ಅಂತ ಓದುತ್ತೀರಾ? ನನಗೆ ಬೇಕಾಗಿರುವುದು ಎರಡನೆಯದು. ಮನೆಯಲ್ಲಿ ಮೂವರನ್ನು ಕೇಳಿದೆ, ಮೂವರೂ ಮೊದಲನೆಯದು ಅಂದರು.

ಸೋಮವಾರ ಕರಡು ಕೊಡಬೇಕು. ಅಷ್ಟರೊಳಗೆ ಹೊಳೆದರೆ ಬರೆಯಿರಿ.