ಸಹಾಯ ಬೇಕು: ಬ್ಲೂ ಪಿಲ್ ಬೋರ್ಡಿನ ಫ್ರೀಆರ್‌ಟಿಓಎಸ್ ಪೋರ್ಟ್ ಪರೀಕ್ಷಿಸಲು

ಎಲ್ಲರಿಗೂ ನಮಸ್ಕಾರ. ಬದಿಯಡ್ಕದ ನಮ್ಮ ಅಡಿಕೆ ತೋಟದ ಪಂಪನ್ನು ನಿಯಂತ್ರಿಸುವುದಕ್ಕಾಗಿ, 64 ಕೆಬಿ ಫ್ಲ್ಯಾಶ್ ಮತ್ತು 20 ಕೆಬಿ ರ‍್ಯಾಮ್ ಇರುವ ಎಸ್‌ಟಿಎಂ32ಎಫ್103 ಚಿಪ್ಪಿನ ಬ್ಲೂ ಪಿಲ್ ಬೋರ್ಡಿಗೆ, ಚಿಕ್ಕ ಸಾಧನಗಳಲ್ಲಿ ಹಲವು ಕೆಲಸಗಳನ್ನು ಸಮಯಕ್ಕೆ ಸರಿಯಾಗಿ ನಡೆಸುವ ಕಾರ್ಯಾಚರಣ ವ್ಯವಸ್ಥೆಯೂ ಮುಕ್ತ ತಂತ್ರಾಂಶವೂ ಆದ ಫ್ರೀಆರ್‌ಟಿಓಎಸ್ ಅನ್ನು ಹೊಂದಿಸಿದ್ದೇನೆ. ಅದರಲ್ಲಿ ನಾನು ಬರೆದ ಟಾಸ್ಕ್‌ಗಳೆರಡೂ (ಬೇರೆ ಬೇರೆಯಾಗಿ ನಡೆಯುವ ಕೆಲಸಗಳು) ಸರಿಯಾಗಿಯೇ ನಡೆಯುತ್ತವೆ. ಆದರೆ ತೇವಾಂಶದ ಸೆನ್ಸರಿನಿಂದ ಸೀರಿಯಲ್ ಮೂಲಕ ಮಾಹಿತಿ ಬರತೊಡಗಿದ ಕೆಲವೇ ನಿಮಿಷಗಳಲ್ಲಿ ಬೋರ್ಡು ಸ್ತಬ್ಧವಾಗಿ, ಮಿನುಗುತ್ತಿದ್ದ ಎಲ್‌ಇಡಿ ಉರಿದಂತೆಯೇ ನಿಂತುಬಿಡುತ್ತದೆ. ಟಾಸ್ಕ್‌ಗಳಿಗೆ ಮೀಸಲಾದ ಸ್ಮೃತಿಯನ್ನು (ಸ್ಟ್ಯಾಕ್) ಹೆಚ್ಚಿಸಿದರೂ ಫಲ ಸಿಗಲಿಲ್ಲ.

ಈ ಚಿಪ್ಪಿನ ಪ್ರೊಸೆಸರಾದ ಕಾರ್ಟೆಕ್ಸ್-ಎಂ3ಯಲ್ಲಿ ಅಂಕಿ ಕಡಿಮೆಯಾದಷ್ಟೂ ಇಂಟರಪ್ಟಿನ (ನಡೆಯುತ್ತಿರುವ ಕೆಲಸವನ್ನು ತಡೆದು ಗಮನ ಸೆಳೆಯುವ ಸಂಕೇತದ) ಆದ್ಯತೆ ಹೆಚ್ಚಾದ್ದರಿಂದ, ನಾನು ನಿಗದಿಪಡಿಸದೆ ಸೊನ್ನೆಯಲ್ಲೇ ಬಿಟ್ಟ ಸೀರಿಯಲ್ ಇಂಟರಪ್ಟಿನೊಳಗಿಂದ ಕ್ಯೂಗೆ (ಟಾಸ್ಕ್‌ಗಳಿಗೆ ಮಾಹಿತಿ ದಾಟಿಸುವ ಸಾಲಿಗೆ) ಬರೆಯುತ್ತಿರುವುದೇ ತಪ್ಪಿನ ಮೂಲವೆಂದು ನನ್ನ ಬಲವಾದ ಗುಮಾನಿ. ಈ ಚಿಪ್ಪು ಆದ್ಯತೆಗೆ ಮೇಲಿನ 4 ಬಿಟ್‌ಗಳನ್ನು ಮಾತ್ರ ಬಳಸುವುದರಿಂದ, ಕರ್ನಲ್ಲಿನ (ಫ್ರೀಆರ್‌ಟಿಓಎಸ್ ತಿರುಳಿನ) ಮಿತಿಗೂ, ಅಂದರೆ ಅದರ ಸೇವೆಗಳನ್ನು ಕರೆಯಬಹುದಾದ ಇಂಟರಪ್ಟಿನ ಗರಿಷ್ಠ ಆದ್ಯತೆಗೂ, ಸೀರಿಯಲ್ಲಿಗೂ ಯಾವ ಬೆಲೆ ಕೊಡಬೇಕೆಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಹೀಗೆ ಬೋರ್ಡಿಗೆ ಹೊಂದಿಸಿದ ಈ ಪೋರ್ಟನ್ನು ಎಂಐಟಿ ಪರವಾನಗಿಯಲ್ಲಿ, ಕನ್ನಡದ ವಿವರಣೆಯೊಂದಿಗೆ ಎಲ್ಲರಿಗೂ ಹಂಚಬೇಕೆಂಬ ಆಸೆ ನನಗಿದೆ. ದೋಷವಿರುವುದನ್ನು ಹಂಚಲು ಮನಸ್ಸೊಪ್ಪದು. ಇದೇ ಬೋರ್ಡು ಇರುವವರು ಒಂದು ರಾತ್ರಿ ಓಡಿಸಿ ನೋಡಿ ತಿಳಿಸಿದರೆ ಉಪಕಾರವಾಗುತ್ತದೆ.