ಕೂದಲು ಕತ್ತರಿಸಿ ಅಂದದ್ದು ಯಾರು?

ಸುಧಾ ಅತ್ತೆ: [ಫೋಟೋ] ಎರಡನೇ ಮಹಾಯುದ್ಧದ ಹೊತ್ತು, 1941ರ ಲಂಡನ್. ಫ್ಯಾಶನ್ ಪತ್ರಿಕೆ ಬ್ರಿಟಿಷ್ ವೋಗ್‌ಗೆ ಸೆಸಿಲ್ ಬೀಟನ್ ತೆಗೆದದ್ದು. ಬಾಂಬಿಗೆ ಕುಸಿದ ಕಟ್ಟಡ, ಅದರ ಮುಂದೆ ಸೂಟು ಹ್ಯಾಟು ಹಾಕಿಕೊಂಡು ನೆಟ್ಟಗೆ ನಿಂತವಳು. ಎಂಥ ಗಟ್ಟಿ ಹೆಂಗಸರು ನೋಡಿ!

ಶ್ರೀಧರ ದೊಡ್ಡಪ್ಪ: ಯುದ್ಧ ಬರದಿದ್ದರೆ ಅವರು ಅಡುಗೆಮನೆ ಬಿಟ್ಟು ಬರ್ತಾನೇ ಇರಲಿಲ್ಲ. ಪ್ಯಾಂಟು, ನೌಕರಿ ಎಲ್ಲ ಯುದ್ಧ ಕೊಟ್ಟಿದ್ದೇ.

ಅಶ್ವಿನಿ: ಇಲ್ಲ ದೊಡ್ಡಪ್ಪ, ಇದನ್ನ ಒಪ್ಪಲಾರೆ. ಇಂಗ್ಲೆಂಡಿನ ಲಂಕಾಶೈರ್ ಹತ್ತಿ ಗಿರಣಿಗಳಲ್ಲಿ ಹೆಂಗಸರು ಅದಕ್ಕೂ ನೂರು ವರ್ಷ ಮೊದಲಿಂದ ದುಡೀತಿದ್ದರು. 1941ರ ಡಿಸೆಂಬರಿನಲ್ಲಂತೂ 20ರಿಂದ 30 ವಯಸ್ಸಿನ ಮದುವೆಯಾಗದವರನ್ನ ಕಾನೂನು ಮಾಡಿಯೇ ಯುದ್ಧದ ಕೆಲಸಕ್ಕೆ ಕರೆಸಿಕೊಂಡರು. ಕೊಟ್ಟಿದ್ದಲ್ಲ, ಬೇಕಾದಾಗ ಎಳೆದುಕೊಂಡಿದ್ದು.

ಕಿರಣ್: ಸರಿ ಅಕ್ಕಾ, ಫ್ಯಾಶನ್‌ಗೂ ಸರ್ಕಾರಕ್ಕೂ ಏನು ಸಂಬಂಧ?

ಅಶ್ವಿನಿ: ಕೂದಲನ್ನೇ ತಗೋ. ಕಾರ್ಖಾನೆಯಲ್ಲಿ ಬಿಚ್ಚುಗೂದಲು ಯಂತ್ರಕ್ಕೆ ಸಿಕ್ಕಿ ಅನಾಹುತ ಆಗ್ತಿತ್ತು. ಸರ್ಕಾರದವರು ಪತ್ರಿಕೆಗಳ ಸಂಪಾದಕಿಯರ ಸಹಾಯ ಕೇಳಿದರು. ಗಿಡ್ಡ ಕೂದಲೇ ಚೆಂದ ಅಂತ ವೋಗ್ ತೋರಿಸಿತು. ಓದಿದವರಿಗೆ ಅದು ಹೊಸ ಸ್ಟೈಲು, ಸರ್ಕಾರಕ್ಕೆ ಕೈಕಾಲು ನೆಟ್ಟಗಿರೋ ಕೆಲಸಗಾರ್ತಿ. ಬಟ್ಟೆಯೂ ಹಾಗೇ. 1941ರ ಜೂನ್ 1ರಿಂದ ರೇಷನ್, ವರ್ಷಕ್ಕೆ 66 ಕೂಪನ್, ಉಣ್ಣೆ ಡ್ರೆಸ್ ಒಂದಕ್ಕೇ 11 ಹೋಗ್ತಿತ್ತು. ಮರುವರ್ಷ ಡ್ರೆಸ್ಸಿಗೆ 2 ಜೇಬು, 5 ಗುಂಡಿ ದಾಟಬಾರದು ಅಂತ ನಿಯಮ. ನೆರಿಗೆಗೂ ಲೆಕ್ಕ! ಸ್ಟಾಕಿಂಗ್ ಸಿಗದೆ ಗ್ರೇವಿಗೆ ಹಾಕೋ ಕಂದು ಬಣ್ಣವನ್ನ ಕಾಲಿಗೆ ಬಳಿದು, ಹಿಂದೆ ಹುಬ್ಬಿನ ಪೆನ್ಸಿಲ್ಲಲ್ಲಿ ಸ್ಟಾಕಿಂಗಿನ ಹೊಲಿಗೆಯಂಥ ಗೆರೆ ಎಳ್ಕೊಳ್ತಿದ್ದರು.

ಸುಧಾ ಅತ್ತೆ: ಅಶ್ವಿನಿ, ಪತ್ರಿಕೆಯನ್ನ ಬರೀ ಸರ್ಕಾರದ ತುತ್ತೂರಿ ಮಾಡಬೇಡ. ಸಂಪಾದಕಿ ಆಡ್ರಿ ವಿದರ್ಸ್ ಅದೇ ವೋಗ್‌ನಲ್ಲಿ ಫೋಟೋಗ್ರಾಫರ್ ಲೀ ಮಿಲ್ಲರ್ ಕಳಿಸಿದ ಯುದ್ಧದ ವರದಿ ಹಾಕಿದಳು. ಫ್ರಾನ್ಸಿನ ನಾರ್ಮಂಡಿಯ ಸೇನಾ ಆಸ್ಪತ್ರೆ, ಸೇಂಟ್ ಮಾಲೋ ಮುತ್ತಿಗೆ, ಎಲ್ಲ. ಹೆಂಗಸು ಬರೆದದ್ದು, ಹೆಂಗಸು ಅಚ್ಚು ಹಾಕಿದ್ದು. ಲಿಪ್‌ಸ್ಟಿಕ್ ನೋಡೋರು ಯುದ್ಧಾನೂ ಓದ್ತಾರೆ ಅನ್ನೋ ನಂಬಿಕೆ ಅವಳಿಗಿತ್ತು.

ಅಶ್ವಿನಿ: ಅದು ನಿಜಕ್ಕೂ ದೊಡ್ಡದು ಅತ್ತೆ. ಆದರೆ ಅದು ವಿದರ್ಸ್, ಮಿಲ್ಲರ್ ಮಾಡಿದ್ದು. ಯುದ್ಧಕ್ಕೆ ಯಾಕೆ ಆ ಹೆಗ್ಗಳಿಕೆ ಕೊಡಬೇಕು?

ಶ್ರೀಧರ ದೊಡ್ಡಪ್ಪ: ಯುದ್ಧ ಇಲ್ಲದಿದ್ದರೆ ಮಿಲ್ಲರ್ ಅಲ್ಲಿಗೆ ಹೋಗ್ತಿದ್ದಳಾ ಪುಟ್ಟಿ? ಅದನ್ನ ಹೇಳು. 1947ರಲ್ಲಿ ಪ್ಯಾರಿಸ್ಸಿನ ಫ್ಯಾಶನ್ ಡಿಸೈನರ್ ಡಿಯೋರ್ ಸಣ್ಣ ಸೊಂಟ, ಗಜಗಟ್ಟಲೆ ಬಟ್ಟೆಯ ಲಂಗ ತಂದಾಗ ಅದೇ ಹೆಂಗಸರು ಆಸೆಪಟ್ಟರಲ್ಲ?

ಅಶ್ವಿನಿ: ಪಡಲಿ ಬಿಡಿ, ಆರು ವರ್ಷ ಒಂದೇ ಕೋಟು ತೇಪೆ ಹಾಕಿ ಉಟ್ಟವರು. ನನಗೆ ಸಿಟ್ಟಿರೋದು ಸಂಬಳದ ಮೇಲೆ. 1944ರ ಮಾರ್ಚಲ್ಲಿ ಶಿಕ್ಷಕಿಯರಿಗೆ ಸಮಾನ ವೇತನ ಅನ್ನೋ ತಿದ್ದುಪಡಿ ಸಂಸತ್ತಲ್ಲಿ ಒಂದೇ ಮತದಿಂದ ಗೆದ್ದಿತ್ತು. ಚರ್ಚಿಲ್ ಅದನ್ನ ವಿಶ್ವಾಸಮತದ ಪ್ರಶ್ನೆ ಮಾಡಿ ಬೀಳಿಸಿದರು. ಯುದ್ಧ ಇನ್ನೂ ನಡೀತಿತ್ತು ದೊಡ್ಡಪ್ಪ, ಹೆಂಗಸರು ಕಾರ್ಖಾನೆಯಲ್ಲೇ ಇದ್ದರು.

ಸುಧಾ ಅತ್ತೆ: ಇದು ಗೊತ್ತಿರಲಿಲ್ಲ. ಆಮೇಲೆ ಯಾವಾಗ ಸಿಕ್ಕಿತು?

ಅಶ್ವಿನಿ: ಸಮಾನ ವೇತನದ ಕಾಯ್ದೆ ಆಗಿದ್ದು 1970ರಲ್ಲಿ. ಜಾರಿಗೆ ಬಂದಿದ್ದು 1975ರ ಕೊನೆಗೆ.