ಎಕ್ಸ್-ರೇ ಲೈಟ್‌ಕರ್ವ್‌ನಲ್ಲಿ 5860 ಸೆಕೆಂಡ್ ಪೀಕ್ ಹೋಗ್ತಾನೇ ಇಲ್ಲ, ಯಾರಾದ್ರೂ ನೋಡಿ

ತುಮಕೂರು_ಹುಡುಗ: ಮೂರು ದಿನದಿಂದ ಇದೇ ಗೋಳು. ನಮ್ಮ ಇಸ್ರೋ ಉಪಗ್ರಹ ಆಸ್ಟ್ರೋಸ್ಯಾಟ್ ಒಂದು ಗ್ಯಾಲಕ್ಸಿನ ನೋಡಿದ ಡೇಟಾ ಇಳಿಸ್ಕೊಂಡು ಲೈಟ್‌ಕರ್ವ್ (ಹೊತ್ತು ಹೋದಂಗೆ ಹೊಳಪು ಹೇಗೆ ಏರಿಳಿಯುತ್ತೆ ಅನ್ನೋ ಗ್ರಾಫ್) ಮಾಡಿ, ಅದ್ರಲ್ಲಿ ಯಾವ ಲಯ ಇದೆ ಅಂತ ಹುಡುಕೋ ಎಫ್‌ಎಫ್‌ಟಿ ಹಾಕಿದ್ರೆ 5860 ಸೆಕೆಂಡ್ ಹತ್ರ ದೊಡ್ಡ ಪೀಕ್, ಬಿನ್ (ಎಷ್ಟೆಷ್ಟು ಸೆಕೆಂಡ್‌ನ ಡೇಟಾ ಒಟ್ಟು ಸೇರಿಸ್ತೀವೋ ಅದು) ಬದಲಾಯಿಸ್ದೆ, ಎನರ್ಜಿ ಬ್ಯಾಂಡ್ ಬದಲಾಯಿಸ್ದೆ, ಕದಲ್ತಿಲ್ಲ. ಗ್ಯಾಲಕ್ಸಿ ನಡುವಿನ ಕಪ್ಪು ರಂಧ್ರದ ಹತ್ರ ಏನಾದ್ರೂ ಸುತ್ತುತಿದ್ಯಾ? ಮಿಕ್ಕಿದ್ದೆಲ್ಲಾ ಸರಿಯಾಗೇ ಮಾಡಿದೀನಿ.

ಕೋಲಾರ_ಕಣ: ಬ್ಯಾಕ್‌ಗ್ರೌಂಡ್, ಅಂದ್ರೆ ಗ್ಯಾಲಕ್ಸಿಯಿಂದ ಬರದ ಬೇರೆ ಸಿಗ್ನಲ್. ಆಸ್ಟ್ರೋಸ್ಯಾಟ್‌ನ ಲ್ಯಾಕ್ಸ್‌ಪಿಸಿ ಉಪಕರಣದಲ್ಲಿ ಮಂಕು ಗ್ಯಾಲಕ್ಸಿಗಿಂತ ಅದೇ ಜಾಸ್ತಿ, ಉಪಗ್ರಹ ಕಕ್ಷೆಲಿ ಎಲ್ಲಿದೆ ಅನ್ನೋದ್ರ ಮೇಲೆ ಏರಿಳಿಯುತ್ತೆ.

ಬಾಗೇಪಲ್ಲಿ_ಡಾಬ್: ಯಾವ ಗ್ಯಾಲಕ್ಸಿ ಅಂತ್ಲೇ ಹೇಳಿಲ್ವಲ್ಲ ಗುರು. ಮತ್ತೆ ಅದು ಕಪ್ಪುಕುಳಿ, ರಂಧ್ರ ಅಲ್ಲ.

ಕೋಲಾರ_ಕಣ: ಪೇಪರ್‌ನವ್ರೆಲ್ಲಾ ರಂಧ್ರ ಅಂತಾನೇ ಬರೀತಾರೆ ಸರ್.

ಬಾಗೇಪಲ್ಲಿ_ಡಾಬ್: ಬರೆದ್ರೆ ಬರೀಲಿ, ಅದ್ರಲ್ಲಿ ತೂತು ಎಲ್ಲಿದೆ?

ತುಮಕೂರು_ಹುಡುಗ: ಐಸಿ 4329ಎ. ಲ್ಯಾಕ್ಸ್‌ಪಿಸಿ ಅಲ್ಲ ಸರ್, ಎಸ್‌ಎಕ್ಸ್‌ಟಿ, ಅದೇ ಉಪಗ್ರಹದ ಎಕ್ಸ್-ರೇ ಟೆಲಿಸ್ಕೋಪ್.

ಕೋಲಾರ_ಕಣ: ಎಸ್‌ಎಕ್ಸ್‌ಟಿ ಆದ್ರೂ ಮೊದಲು ಬ್ಯಾಕ್‌ಗ್ರೌಂಡ್ ನೋಡಿ. ನಮ್ ಕೆಜಿಎಫ್ ಗಣಿಲಿ 1965ರಲ್ಲಿ ನ್ಯೂಟ್ರಿನೊ ಅನ್ನೋ ಕಣ ಹಿಡಿದವ್ರು ಅಷ್ಟು ಆಳಕ್ಕೆ ಇಳಿದಿದ್ದೇ ಬ್ಯಾಕ್‌ಗ್ರೌಂಡ್ ತಪ್ಪಿಸೋಕೆ.

ಶಿರಾ_ಸಿಗ್ನಲ್: 5860ನ 60ರಿಂದ ಭಾಗಿಸಿ ನೋಡಪ್ಪ, ಸುಮಾರು 98 ನಿಮಿಷ. ಆಸ್ಟ್ರೋಸ್ಯಾಟ್ ಭೂಮಿನ ಒಂದು ಸುತ್ತು ಹಾಕೋಕೆ ಹಿಡಿಯೋ ಹೊತ್ತು ಅದೇ. ಪ್ರತಿ ಸುತ್ತಲ್ಲೂ ಸ್ವಲ್ಪ ಹೊತ್ತು ಭೂಮಿ ಅಡ್ಡ ಬರುತ್ತೆ, ಆಗ ಡೇಟಾ ಇರಲ್ಲ, ಆ ಗ್ಯಾಪ್‌ಗೆ ನೀನು ಸೊನ್ನೆ ತುಂಬಿರ್ತೀಯ. ಡೇಟಾ ಇರೋ ಕಡೆಯೆಲ್ಲಾ 1, ಗ್ಯಾಪಲ್ಲಿ 0 ಇಟ್ಟು ಅದೇ ಕೋಡ್ ಓಡಿಸು, ಪೀಕ್ ಅಲ್ಲೂ ಬಂದ್ರೆ ಅದು ಗ್ಯಾಲಕ್ಸಿದಲ್ಲ. ಇನ್ನೊಂದು, ಈ ಕಪ್ಪುಕುಳಿ ಕೋಟಿಗಟ್ಟಲೆ ಸೂರ್ಯರ ತೂಕದ್ದು, ತೂಕ ಹೆಚ್ಚಿದಷ್ಟೂ ಏರಿಳಿತ ನಿಧಾನ, ಅದಕ್ಕೆ 98 ನಿಮಿಷ ತೀರಾ ಬೇಗ. 2008ರಲ್ಲಿ ಆರ್‌ಇ ಜೆ1034+396 ಅನ್ನೋ ಇನ್ನೊಂದು ಗ್ಯಾಲಕ್ಸಿಲಿ ಒಂದು ಗಂಟೆ ಹತ್ರದ ಪೀಕ್ ಸಿಕ್ಕಿತ್ತು, ಆದ್ರೆ ಅದು ಎಕ್ಸ್‌ಎಂಎಂ-ನ್ಯೂಟನ್ ಅನ್ನೋ ಉಪಗ್ರಹದ ಡೇಟಾ, ಅದರ ಕಕ್ಷೆ 48 ಗಂಟೆದು, ಇಷ್ಟೊಂದು ಗ್ಯಾಪ್ ಬೀಳಲ್ಲ.

ಚಿಂತಾಮಣಿ_ಪಿಸಿ: ನಾನು 64 ಜಿಬಿ ರ‍್ಯಾಮ್ ಹಾಕ್ಸಿದೀನಿ, ಇಂಥ ಫೈಲ್ ಎರಡೇ ನಿಮಿಷ.

ಬಾಗೇಪಲ್ಲಿ_ಡಾಬ್: ರ‍್ಯಾಮ್‌ಗೂ ಇದಕ್ಕೂ ಏನ್ ಸಂಬಂಧ? ಎಂಟು ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪ್ ತಗೊಳ್ಳಿ, ನಮ್ಮ ಊರಾಚೆ ಆಕಾಶ ಎಷ್ಟು ಕಪ್ಪಗಿದೆ ಗೊತ್ತಾ, ಶನಿ ಬಳೆ ಕಣ್ಣಿಗೆ ಕಟ್ಟಿದಂಗೆ ಕಾಣುತ್ತೆ.

ತುಮಕೂರು_ಹುಡುಗ: ಶಿರಾ ಅಣ್ಣ, ಸೊನ್ನೆ ತುಂಬಿದ್ದು ನಿಜ, 1-0 ಹಾಕಿದ್ರೂ ಅದೇ ಪೀಕ್ ಬಂತು. ತುಂಬಾ ಥ್ಯಾಂಕ್ಸ್. ಈಗ ಗ್ಯಾಪ್ ಬಿಟ್ಟು, ಗ್ಯಾಪ್ ಇದ್ರೂ ಲಯ ಹುಡುಕೋ ಲಾಂಬ್-ಸ್ಕಾರ್ಗಲ್ ಲೆಕ್ಕ ಹಾಕ್ದೆ, 5860 ತಗ್ಗಿದೆ, ಆದ್ರೆ 30 ಸಾವಿರ ಸೆಕೆಂಡ್ ಹತ್ರ ಒಂದು ಉಬ್ಬು ಎದ್ದಿದೆ.

ಶಿರಾ_ಸಿಗ್ನಲ್: ಒಟ್ಟು ಡೇಟಾಲಿ ಆ ಏರಿಳಿತ ಎಷ್ಟು ಸಲ ಬಂದಿದೆ? ಎರಡ್ಮೂರೇ ಆದ್ರೆ ರೆಡ್ ನಾಯ್ಸ್, ಅಂದ್ರೆ ಲಯ ಇಲ್ಲದ ನಿಧಾನ ಏರಿಳಿತ, ನಂಬ್ಬೇಡ.

ಕೋಲಾರ_ಕಣ: ಬ್ಯಾಕ್‌ಗ್ರೌಂಡ್ ಕಳೆದ್ಯಾ ಇಲ್ವಾ ಅದು ಹೇಳಪ್ಪ ಮೊದಲು.